ನಮ್ಮೂರನ್ನೂ ಆಳಿದ್ದ ರಾಜಾಜಿ

ಎಫ್‌ಡಿಎ, ಪಿಡಿಒ, ಕೆಎಎಸ್, ಯಾವ ಪರೀಕ್ಷೆಗೆ ಓದುವವರಿಗಾದರೂ ಸಿ. ರಾಜಗೋಪಾಲಾಚಾರಿ ಎಂದರೆ ಒಂದು ಅಂಕದ ಉತ್ತರ. ಗವರ್ನರ್ ಜನರಲ್ ಹುದ್ದೆಗೇರಿದ ಏಕೈಕ ಭಾರತೀಯ ಯಾರು? 1954ರಲ್ಲಿ ಮೊದಲ ಬಾರಿ ಭಾರತರತ್ನ ಕೊಟ್ಟಾಗ ರಾಧಾಕೃಷ್ಣನ್, ಸಿ.ವಿ. ರಾಮನ್ ಜತೆಗೆ ಅದನ್ನು ಪಡೆದ ಮೂರನೆಯವರು ಯಾರು? ಸ್ವತಂತ್ರ ಪಕ್ಷದ ಸ್ಥಾಪಕರು ಯಾರು? ಮೂರಕ್ಕೂ ಒಂದೇ ಹೆಸರಿಗೆ ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಈ ಮನುಷ್ಯ ಹೂವಿನಹಡಗಲಿ ತಾಲ್ಲೂಕಿನ ನಮ್ಮ ಇಟ್ಟಿಗಿಯನ್ನೂ ಎರಡು ಸಲ ಆಳಿದ್ದರು ಎಂಬುದು ನಾನು ನೋಡಿದ ಯಾವ ಗೈಡ್‌ನಲ್ಲೂ ಇಲ್ಲ.

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಹೊಸಪೇಟೆಗಳನ್ನು ಒಳಗೊಂಡ ಬಳ್ಳಾರಿ ಜಿಲ್ಲೆ 1953ರ ಸೆಪ್ಟೆಂಬರ್ ಮುಗಿಯುವವರೆಗೂ ಮದರಾಸಿನ ಆಡಳಿತದಲ್ಲಿತ್ತು. ನಮ್ಮ ಕಡೆಯ ಅರ್ಜಿ, ತಗಾದೆ, ಬರಗಾಲದ ದೂರು ಎಲ್ಲವೂ ಕೊನೆಗೆ ಹೋಗಿ ನಿಲ್ಲುತ್ತಿದ್ದದ್ದು ಸಮುದ್ರದ ದಂಡೆಯ ಆ ಊರಿನಲ್ಲಿ. ರಾಜಾಜಿ 1937ರಿಂದ 1939ರವರೆಗೆ ಮದರಾಸು ಪ್ರಾಂತ್ಯದ ಸರ್ಕಾರ ನಡೆಸಿದರು. 1952ರ ಏಪ್ರಿಲ್‌ನಿಂದ 1954ರ ಏಪ್ರಿಲ್‌ವರೆಗೆ ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಹಾಗಾಗಿ ಅವರ ಬದುಕನ್ನು ಓದುವಾಗ ನನಗೆ ದೂರದ ಒಬ್ಬ ರಾಷ್ಟ್ರನಾಯಕರ ಕಥೆ ಎನಿಸಲಿಲ್ಲ. ಸರ್ಕಾರ ನಮ್ಮ ಬದುಕಿನೊಳಗೆ ಎಷ್ಟು ದೂರ ಬರಬೇಕು, ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಅವರಷ್ಟು ದೀರ್ಘಕಾಲ ಹಿಡಿದು ಎಳೆದಾಡಿದವರು ಕಡಿಮೆ. ಅವರ ಉತ್ತರಗಳಲ್ಲಿ ಕೆಲವು ಸರಿ. ಒಂದಂತೂ ಹಳ್ಳಿ ಹುಡುಗನಾದ ನನಗೆ ಇವತ್ತಿಗೂ ನುಂಗಲಾಗದ್ದು.

ಅವರು ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಆಗ ಅದು ಸೇಲಂ ಜಿಲ್ಲೆ, ಈಗ ಕೃಷ್ಣಗಿರಿ. ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುವ ಗಡಿಸೀಮೆ; ಬೆಂಗಳೂರಿಗೆ ಅಲ್ಲಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದು. ತಂದೆ ವೆಂಕಟರಾಯ ಅಯ್ಯಂಗಾರ್ ಆ ಊರಿನ ಮುನ್ಸೀಫರು. ಮುನ್ಸೀಫ ಎಂದರೆ ದೊಡ್ಡ ಕೋರ್ಟಿನ ಅಧಿಕಾರಿ ಎಂದುಕೊಳ್ಳಬೇಡಿ. ಮದರಾಸು ಸೀಮೆಯಲ್ಲಿ ಗ್ರಾಮ ಮುನ್ಸೀಫ ಎಂದರೆ ಊರಿನ ಕಂದಾಯ ನೋಡಿಕೊಂಡು, ಸಣ್ಣಪುಟ್ಟ ವ್ಯಾಜ್ಯ ಬಗೆಹರಿಸುವವನು. ನಮ್ಮ ಪಟೇಲರಿದ್ದ ಹಾಗೆ. ಹುಡುಗನನ್ನು ಊರಲ್ಲೇ ಇಟ್ಟುಕೊಂಡು ಅದೇ ಕೆಲಸಕ್ಕೆ ಹಚ್ಚಬಹುದಿತ್ತು. ತಂದೆ ಹಾಗೆ ಮಾಡಲಿಲ್ಲ. ಹೊಸೂರಿನ ಶಾಲೆ, ಅಲ್ಲಿಂದ ಬೆಂಗಳೂರು, ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ., ಆಮೇಲೆ ಮದರಾಸಿನಲ್ಲಿ ಕಾನೂನು. ಈ ಸಂಗತಿಯನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1900ರಲ್ಲಿ ಸೇಲಂನಲ್ಲಿ ವಕೀಲಿ ಶುರುವಾಯಿತು, ಚೆನ್ನಾಗಿ ನಡೆಯಿತು. 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದರು. ಅದಕ್ಕೆ ಹಿಂದಿನ ವರ್ಷವಷ್ಟೇ ಹೆಂಡತಿ ತೀರಿಕೊಂಡಿದ್ದರು. ಒಳ್ಳೆಯ ಸಂಪಾದನೆಯಿದ್ದ ಈ ವಕೀಲರನ್ನು ಬೀದಿಗೆ ತಂದದ್ದು 1919ರ ರೌಲಟ್ ಕಾಯ್ದೆ. ವಿಚಾರಣೆಯಿಲ್ಲದೆ ಯಾರನ್ನಾದರೂ ಹಿಡಿದಿಡಬಹುದು ಎನ್ನುತ್ತಿದ್ದ ಕಾನೂನು ಅದು. ಆ ಮಾರ್ಚ್‌ನಲ್ಲಿ ಗಾಂಧೀಜಿ ಮದರಾಸಿನಲ್ಲಿ ರಾಜಾಜಿಯವರ ಮನೆಯಲ್ಲಿಯೇ ತಂಗಿದ್ದರು. ದೇಶವೆಲ್ಲ ಒಂದು ದಿನ ಹರತಾಳ ಮಾಡಬೇಕೆಂಬ ವಿಚಾರ ಅವರಿಗೆ ಹೊಳೆದದ್ದು ಅಲ್ಲೇ, ನಿದ್ದೆ ಎಚ್ಚರಗಳ ನಡುವೆ. ಅಲ್ಲಿಂದ ವಕೀಲಿ ಹಿಂದೆ ಬಿತ್ತು. 1921ರ ಕೊನೆಯಲ್ಲಿ ವೆಲ್ಲೂರು ಜೈಲು. 1930ರ ಏಪ್ರಿಲ್‌ನಲ್ಲಿ ಸುಮಾರು ನೂರು ಜನ ಸ್ವಯಂಸೇವಕರನ್ನು ಕಟ್ಟಿಕೊಂಡು ತಿರುಚಿರಾಪಳ್ಳಿಯಿಂದ ವೇದಾರಣ್ಯದ ಕಡಲತಡಿಗೆ ನಡೆದು ಉಪ್ಪಿನ ಕಾನೂನು ಮುರಿದರು. ಮತ್ತೆ ಜೈಲು.

ನಡುವೆ ಒಂದು ಕೆಲಸ ಮಾಡಿದರು, ಅದು ಪ್ರಶ್ನೆಪತ್ರಿಕೆಗಳಲ್ಲಿ ಬರುವುದಿಲ್ಲ. 1925ರಲ್ಲಿ ತಿರುಚೆಂಗೋಡಿನ ಹತ್ತಿರ ಪುದುಪಾಳಯಂ ಎಂಬ ಒಣಸೀಮೆಯ ಹಳ್ಳಿಯಲ್ಲಿ ಗಾಂಧಿ ಆಶ್ರಮ ತೆರೆದು ಅಲ್ಲಿಯೇ ವಾಸಕ್ಕೆ ಹೋದರು. ಮಳೆ ಕೈಕೊಟ್ಟಾಗ ಮನೆಯಲ್ಲಿ ಕೂತು ನೂಲು ತೆಗೆದು ನಾಲ್ಕು ಕಾಸು ಗಳಿಸುವ ದಾರಿ ಅಲ್ಲಿನ ಹೆಂಗಸರಿಗೆ ಸಿಕ್ಕಿತು. ಉದ್ಯೋಗ ಎಂಬ ಮಾತು ಅವರ ತಲೆಯಲ್ಲಿ ಯಾವಾಗಲೂ ಈ ರೂಪದಲ್ಲಿಯೇ ಇತ್ತು ಎಂದು ನನಗೆ ತೋರುತ್ತದೆ: ಕೈಗೆ ಹತ್ತಿರದ ಕಸುಬು, ಮನೆ ಬಾಗಿಲಿಗೆ ಬರುವ ಕೂಲಿ. ಅದರ ಒಳಿತೂ ಅಪಾಯವೂ ಮುಂದೆ ಒಟ್ಟಿಗೇ ಬಯಲಾದವು.

1937ರಲ್ಲಿ ಅಧಿಕಾರ ಸಿಕ್ಕಾಗ ಅವರು ಸರ್ಕಾರದ ಕೈಯನ್ನು ಕಟ್ಟಿಹಾಕಿದವರಲ್ಲ, ಚೆನ್ನಾಗಿಯೇ ಚಾಚಿದರು. ಸೇಲಂ ಜಿಲ್ಲೆಯಲ್ಲಿ ಅಕ್ಟೋಬರ್ 1ರಿಂದ ಪಾನನಿಷೇಧ ತಂದರು. ಹೆಂಡದ ಆದಾಯ ಹೋಯಿತಲ್ಲ, ಅದನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ಹಾಕಿದರು. ಇಡೀ ದೇಶದಲ್ಲಿ ಎಲ್ಲ ಸರಕುಗಳ ಮೇಲೂ ಬೀಳುವಂಥ ಮೊದಲ ಮಾರಾಟ ತೆರಿಗೆ ಅದು. ಇವತ್ತು ನಾವು ಬಿಸ್ಕತ್ತಿನ ಪ್ಯಾಕೆಟ್‌ಗೂ ಕಟ್ಟುವ ಜಿಎಸ್‌ಟಿಯ ಮುತ್ತಜ್ಜನನ್ನು ಹುಟ್ಟಿಸಿದವರು, ಮುಂದೆ ಸರ್ಕಾರ ಸಣ್ಣದಾಗಬೇಕು ಎಂದು ಪಕ್ಷ ಕಟ್ಟಿದ ಇದೇ ರಾಜಾಜಿ.

ಆ ಸರ್ಕಾರದ ಒಂದು ಕಾನೂನು ನಮ್ಮಂಥ ಮಳೆಯಾಶ್ರಿತ ತಾಲ್ಲೂಕುಗಳಿಗೆ ನೇರ ಸಂಬಂಧಿಸಿದ್ದು: 1938ರ ರೈತರ ಋಣ ಪರಿಹಾರ ಕಾಯ್ದೆ. ಹಳೆಯ ಸಾಲಗಳ ಮೇಲೆ 1937ರ ಅಕ್ಟೋಬರ್ 1ಕ್ಕೆ ಬಾಕಿ ನಿಂತಿದ್ದ ಬಡ್ಡಿಯನ್ನು ಅದು ತೊಡೆದುಹಾಕಿತು. ಅಸಲಿನ ಎರಡರಷ್ಟು ಈಗಾಗಲೇ ಕಟ್ಟಿದ್ದರೆ ಸಾಲವೇ ತೀರಿದಂತೆ. ಸಾಹುಕಾರ ಮತ್ತು ರೈತ ಒಪ್ಪಿ ಬರೆದುಕೊಂಡ ಪತ್ರದ ನಡುವೆ ಸರ್ಕಾರ ಬಂದು ಕೂತಿತು ಎಂದೇ ಇದರ ಅರ್ಥ. ಮರುವರ್ಷ ದಲಿತರಿಗೆ ದೇವಸ್ಥಾನದ ಬಾಗಿಲು ತೆರೆದವರಿಗೆ ಕಾನೂನಿನ ರಕ್ಷಣೆ ಕೊಡುವ ಕಾಯ್ದೆ ಬಂತು. ಇವೆರಡನ್ನೂ ನಾನು ಅವರ ದೊಡ್ಡ ಕೆಲಸಗಳಲ್ಲಿ ಎಣಿಸುತ್ತೇನೆ. ಬಲ್ಲಿದನ ಹಿಡಿತದಿಂದ ಬಡವನನ್ನು ಬಿಡಿಸಲು ಸರ್ಕಾರ ಒಳಗೆ ಬರಲೇಬೇಕಾದ ಜಾಗಗಳು ಇವು.

ಅದೇ ವರ್ಷಗಳಲ್ಲಿ ಇನ್ನೊಂದು ಮುಖವೂ ಕಂಡಿತು. 1938ರಲ್ಲಿ 125 ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದರು. ತಮಿಳು ಜಿಲ್ಲೆಗಳು ಎದ್ದುನಿಂತವು. ಪ್ರತಿಭಟಿಸಿದವರನ್ನು ಹಿಡಿಯಲು ಅವರು ಬಳಸಿದ್ದು ಬ್ರಿಟಿಷರು ಕಾಂಗ್ರೆಸ್ಸಿಗರ ಮೇಲೆ ಬಳಸುತ್ತಿದ್ದ ಅದೇ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆ. ಪೆರಿಯಾರ್ ಸೇರಿ ಸಾವಿರಕ್ಕೂ ಹೆಚ್ಚು ಜನ ಒಳಗೆ ಹೋದರು. ನಟರಾಜನ್, ತಾಳಮುತ್ತು ಎಂಬಿಬ್ಬರು ಸೆರೆಯಲ್ಲಿದ್ದಾಗಲೇ ಸತ್ತರು. ಆದೇಶ ವಾಪಸಾದದ್ದು ರಾಜಾಜಿ ರಾಜೀನಾಮೆ ಕೊಟ್ಟ ಮೇಲೆ, 1940ರಲ್ಲಿ. ರೌಲಟ್ ಕಾಯ್ದೆಯ ವಿರುದ್ಧ ವಕೀಲಿ ಬಿಟ್ಟವರು ಇವರೇನಾ ಎನಿಸುತ್ತದೆ. ಇದು ಒಂದು ಸಲದ ಜಾರುವಿಕೆಯೂ ಅಲ್ಲ. 1951ರಲ್ಲಿ ಕೇಂದ್ರದ ಗೃಹಮಂತ್ರಿಯಾಗಿದ್ದಾಗ ಮುನ್ನೆಚ್ಚರಿಕೆ ಬಂಧನದ ಕಾನೂನನ್ನು ಮುಂದುವರಿಸಿದವರೂ, ಪತ್ರಿಕೆಗಳ ಮೇಲೆ ಲಗಾಮು ಹಾಕುವ ಮಸೂದೆ ಮಂಡಿಸಿದವರೂ ಅವರೇ. ಕುರ್ಚಿಯಲ್ಲಿ ಕೂತಾಗ ಒಂದು ನ್ಯಾಯ, ಎದ್ದಾಗ ಒಂದು ನ್ಯಾಯ ಎಂದು ಬಿಡಬಹುದು. ನನಗೆ ಅನಿಸುವುದು ಬೇರೆ: ಸರ್ಕಾರದ ಬಲ ಎಷ್ಟು ಸಲೀಸಾಗಿ ಕೈಗೆ ಒಗ್ಗುತ್ತದೆ ಎಂಬುದು ಒಳಗಿದ್ದು ನೋಡಿದವರಿಗೆ ಮಾತ್ರ ಪೂರ್ತಿ ಗೊತ್ತಾಗುತ್ತದೆ. ಮುಂದೆ ಅವರು ಅದಕ್ಕೆ ಅಷ್ಟೊಂದು ಹೆದರಿದ್ದು ಬಹುಶಃ ಅದಕ್ಕೇ.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯನ್ನು ಒಪ್ಪದೆ ಕಾಂಗ್ರೆಸ್ಸಿನಿಂದ ಹೊರಬಂದು ಒಂಟಿಯಾದರು. ಬೈಸಿಕೊಂಡರು, ಆದರೆ ಮಾತು ಬದಲಿಸಲಿಲ್ಲ. ಸ್ವಾತಂತ್ರ್ಯದ ನಂತರ ಪಶ್ಚಿಮ ಬಂಗಾಳದ ರಾಜ್ಯಪಾಲ, 1948ರಿಂದ 1950ರವರೆಗೆ ಗವರ್ನರ್ ಜನರಲ್. ಈ ಭಾಗವೆಲ್ಲ ಗೈಡ್‌ಗಳಲ್ಲಿ ಇದೆ.

1952ರ ಮೊದಲ ಚುನಾವಣೆಯಲ್ಲಿ ಮದರಾಸು ವಿಧಾನಸಭೆಯ 375 ಸ್ಥಾನಗಳಲ್ಲಿ ಕಾಂಗ್ರೆಸ್ ಗೆದ್ದದ್ದು 152 ಮಾತ್ರ. ನಮ್ಮ ಬಳ್ಳಾರಿ ಜಿಲ್ಲೆಯಿಂದ ಆರಿಸಿ ಹೋದವರೂ ಆಗ ಅದೇ ಸಭೆಯಲ್ಲಿ ಕೂರುತ್ತಿದ್ದರು. ಸರ್ಕಾರ ಕಟ್ಟಲು ಒಬ್ಬ ಹಳೆಯ ಕೈ ಬೇಕೆಂದು 73 ವರ್ಷದ ರಾಜಾಜಿಯನ್ನು ಕರೆತಂದರು. ಅವರು ಯಾವ ಕ್ಷೇತ್ರದಲ್ಲೂ ನಿಂತಿರಲಿಲ್ಲ; ರಾಜ್ಯಪಾಲರು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದರು. ಜನರ ಮುಂದೆ ಹೋಗಿ ಮತ ಕೇಳದೆ ಮುಖ್ಯಮಂತ್ರಿಯಾದದ್ದನ್ನು ಆಗಲೇ ಹಲವರು ಟೀಕಿಸಿದರು. ಸರಿಯಾದ ಟೀಕೆ.

ಬಂದ ಕೆಲವೇ ತಿಂಗಳಲ್ಲಿ ಅವರು ಮಾಡಿದ್ದು ಆ ಕಾಲಕ್ಕೆ ಎದೆಗಾರಿಕೆಯ ಕೆಲಸ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬಂದ ಧಾನ್ಯ ನಿಯಂತ್ರಣ ಇನ್ನೂ ಜಾರಿಯಲ್ಲಿತ್ತು. ಹಿರಿಯರು ಕಂಟ್ರೋಲ್ ಕಾಲ ಎನ್ನುವುದು ಇದನ್ನೇ. ರೈತ ತನ್ನ ಬೆಳೆಯಲ್ಲಿ ಸರ್ಕಾರ ಗೊತ್ತುಮಾಡಿದಷ್ಟು ಪಾಲನ್ನು, ಸರ್ಕಾರ ಗೊತ್ತುಮಾಡಿದ ದರಕ್ಕೆ ಲೆವಿಯಾಗಿ ಕೊಡಬೇಕು. ಧಾನ್ಯವನ್ನು ಜಿಲ್ಲೆಯ ಗಡಿ ದಾಟಿಸಬೇಕಾದರೆ ಪರ್ಮಿಟ್. ಪೇಟೆಯವರು ರೇಷನ್ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಕೊಡುವವನೂ ಕೊಳ್ಳುವವನೂ ನಡುವಿನ ಸಿಬ್ಬಂದಿಯ ಮರ್ಜಿಗೆ ಕಾಯಬೇಕು. ಕಾಳಸಂತೆ ಬೆಳೆಯಲು ಇದಕ್ಕಿಂತ ಒಳ್ಳೆಯ ಗೊಬ್ಬರ ಬೇಡ. ರಾಜಾಜಿ 1952ರ ಮಧ್ಯದಲ್ಲಿ ಈ ನಿಯಂತ್ರಣವನ್ನು ತೆಗೆದುಹಾಕಿದರು. ಬೆಲೆ ಆಕಾಶಕ್ಕೆ ಹೋಗುತ್ತದೆ, ಬಡವರು ಸಾಯುತ್ತಾರೆ ಎಂದು ಹೆದರಿಸಿದವರು ಬೇಕಾದಷ್ಟಿದ್ದರು. ಹೆದರಿದಂತೆ ಆಗಲಿಲ್ಲ. ಅಡಗಿಸಿಟ್ಟ ಧಾನ್ಯ ಹೊರಗೆ ಬಂತು. ಕೇಂದ್ರದ ಆಹಾರ ಮಂತ್ರಿ ರಫಿ ಅಹಮದ್ ಕಿದ್ವಾಯಿ ಬೆನ್ನಿಗೆ ನಿಂತರು, 1954ರ ಹೊತ್ತಿಗೆ ದೇಶದ ಉಳಿದ ಕಡೆಯೂ ನಿಯಂತ್ರಣ ಸಡಿಲವಾಯಿತು. ತಾನು ಬೆಳೆದ ಜೋಳವನ್ನು ತನಗೆ ಬೇಕಾದ ಸಂತೆಗೆ ಒಯ್ಯುವ ಹಕ್ಕು ವ್ಯಕ್ತಿ ಸ್ವಾತಂತ್ರ್ಯದ ಪಟ್ಟಿಯಲ್ಲಿ ಬರುತ್ತದೆ ಎಂದು ನಮ್ಮ ಪೌರನೀತಿ ಪಾಠದಲ್ಲಿ ಯಾರೂ ಹೇಳುವುದಿಲ್ಲ. ಬಂಡಿ ಹೂಡಿಕೊಂಡು ಹೋಗುವ ರೈತನಿಗೆ ಮಾತ್ರ ಅದು ಪುಸ್ತಕದ ಸ್ವಾತಂತ್ರ್ಯಕ್ಕಿಂತ ದೊಡ್ಡದು.

ಇಷ್ಟು ಮೆಚ್ಚಿಕೊಂಡು ಓದುತ್ತಿದ್ದವನು ತಡೆದು ನಿಂತದ್ದು ಮರುವರ್ಷಕ್ಕೆ ಬಂದಾಗ.

1953ರ ಜೂನ್‌ನಲ್ಲಿ ರಾಜಾಜಿ ಪ್ರಾಥಮಿಕ ಶಿಕ್ಷಣದ ಹೊಸ ಯೋಜನೆ ತಂದರು. ದಿನಕ್ಕೆ ಐದು ಗಂಟೆಯ ಶಾಲೆ ಮೂರು ಗಂಟೆಯಾಯಿತು. ಮಕ್ಕಳನ್ನು ಎರಡು ಪಾಳಿ ಮಾಡಿ, ಒಂದು ಪಾಳಿ ಬೆಳಿಗ್ಗೆ, ಇನ್ನೊಂದು ಮಧ್ಯಾಹ್ನ. ಉಳಿದ ಹೊತ್ತು ಮಗು ಮನೆಯಲ್ಲಿ ತಂದೆತಾಯಿಯ ಕಸುಬು ಕಲಿಯಬೇಕು. ಅವರ ಲೆಕ್ಕ ಸರಳವಾಗಿತ್ತು. ಬೊಕ್ಕಸದಲ್ಲಿ ದುಡ್ಡಿಲ್ಲ, ಶಾಲೆಯ ಹೊರಗೆ ಲಕ್ಷಗಟ್ಟಲೆ ಮಕ್ಕಳಿದ್ದಾರೆ. ಅದೇ ಕೊಠಡಿ, ಅದೇ ಮೇಷ್ಟ್ರು, ಎರಡರಷ್ಟು ಮಕ್ಕಳು. ಜತೆಗೆ ಕೈಕೆಲಸಕ್ಕೂ ಮರ್ಯಾದೆ. ಪುದುಪಾಳಯಂ ಆಶ್ರಮದ ನೂಲಿನ ಎಳೆ ಇಲ್ಲಿಯೂ ಕಾಣುತ್ತದೆ. ಆದರೆ ಈ ಯೋಜನೆ ಬಂದದ್ದು ಹಳ್ಳಿ ಶಾಲೆಗಳಿಗೆ. ಪಟ್ಟಣದ ಮಕ್ಕಳಿಗೆ ಪೂರ್ತಿ ದಿನದ ಪಾಠ ಹಾಗೆಯೇ ಉಳಿಯಿತು.

ಕಂಬಾರನ ಮಗ ತಿದಿ ಒತ್ತಬೇಕು, ಕುಂಬಾರನ ಮಗ ಮಣ್ಣು ತುಳಿಯಬೇಕು, ಚಮ್ಮಾರನ ಮಗ ಚರ್ಮ ಹದ ಮಾಡಬೇಕು. ಕೂಲಿಯವನ ಮಗಳು? ಅವಳು ಯಾವ ಕಸುಬು ಕಲಿಯಬೇಕು? ಊರಿನಲ್ಲಿ ಯಾರ ಕಸುಬು ಯಾರದ್ದು ಎಂದು ತೀರ್ಮಾನಿಸಿದ್ದು ಜಾತಿ ಎಂಬುದು ರಾಜಾಜಿಗೆ ಗೊತ್ತಿಲ್ಲದ್ದಲ್ಲ. ವಿರೋಧಿಗಳು ಇದನ್ನು ಕುಲಕಸುಬಿನ ಶಿಕ್ಷಣ ಎಂದು ಕರೆದರು, ಆ ಹೆಸರೇ ನಿಂತಿತು. ಪೆರಿಯಾರ್ ಕಡೆಯವರು, ಡಿಎಂಕೆಯವರು ಬೀದಿಗಿಳಿದರು. ಕಾಂಗ್ರೆಸ್ಸಿನೊಳಗೆ ಕಾಮರಾಜ್ ಒಪ್ಪಲಿಲ್ಲ. 1954ರ ಏಪ್ರಿಲ್‌ನಲ್ಲಿ ರಾಜಾಜಿ ಇಳಿದರು, ಕಾಮರಾಜ್ ಮುಖ್ಯಮಂತ್ರಿಯಾದರು, ಯೋಜನೆ ಹೋಯಿತು. ಬಡತನದಿಂದಾಗಿ ತಾವೇ ಶಾಲೆ ಅರ್ಧಕ್ಕೆ ಬಿಟ್ಟಿದ್ದ ಕಾಮರಾಜ್ ಮುಂದೆ ಹಳ್ಳಿಹಳ್ಳಿಗೆ ಶಾಲೆ ತೆರೆದು ಮಧ್ಯಾಹ್ನದ ಊಟ ಹಾಕಿದರು. ಇಷ್ಟರಲ್ಲಿ, 1953ರ ಅಕ್ಟೋಬರ್ 1ಕ್ಕೆ, ಆಂಧ್ರ ರಾಜ್ಯ ಬೇರೆಯಾದ ದಿನವೇ ನಮ್ಮ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದ್ದವು.

ತೊರಪಳ್ಳಿಯ ಮುನ್ಸೀಫರ ಮಗನನ್ನು ಈಗ ನೆನಪಿಸಿಕೊಳ್ಳಿ. ಆ ಹುಡುಗನನ್ನೂ ದಿನಕ್ಕೆ ಮೂರು ಗಂಟೆ ಶಾಲೆಗೆ ಕಳಿಸಿ, ಉಳಿದ ಹೊತ್ತು ಅಪ್ಪನ ಕಂದಾಯದ ಪುಸ್ತಕ ಹಿಡಿಸಿದ್ದರೆ ಹೊಸೂರು ದಾಟಿ ಸೆಂಟ್ರಲ್ ಕಾಲೇಜಿಗೆ ಬರುತ್ತಿದ್ದನೇ? ತನ್ನ ಹಳ್ಳಿ, ತನ್ನ ಅಪ್ಪನ ಕೆಲಸ ಎರಡನ್ನೂ ದಾಟಿ ದೇಶದ ಅತ್ಯುನ್ನತ ಹುದ್ದೆಗೆ ಏರಿದ ಮನುಷ್ಯ, ಹಳ್ಳಿಯ ಉಳಿದ ಮಕ್ಕಳ ದಾರಿಯನ್ನು ಅರ್ಧ ದಿನಕ್ಕೆ ಕತ್ತರಿಸಿದರು. ಸರ್ಕಾರ ಜನರ ಬದುಕಿನಿಂದ ಹಿಂದೆ ಸರಿಯಬೇಕು ಎನ್ನುವವರು ಎಲ್ಲಿಂದ ಸರಿಯಬೇಕು ಎಂಬುದನ್ನು ನೋಡಿ ಹೇಳಬೇಕು. ಜೋಳದ ಚೀಲದ ಮೇಲಿನ ಕೈ ತೆಗೆದಾಗ ರೈತನಿಗೆ ಬಿಡುಗಡೆ ಸಿಕ್ಕಿತು. ಶಾಲೆಯ ಮೇಲಿನ ಕೈ ಅರ್ಧ ತೆಗೆದಾಗ ಆ ಮಗು ಸಿಕ್ಕಿಬಿದ್ದದ್ದು ಅಪ್ಪನ ಜಾತಿಗೆ.

ನಾನು ಇದನ್ನು ಬರೆಯುತ್ತಿರುವುದು ಗ್ರಾಮೀಣ ಅಭ್ಯರ್ಥಿಯಾಗಿ. ಸಿಇಟಿಯಲ್ಲಿ ಶೇ 15ರಷ್ಟು ಸೀಟುಗಳು ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಮೀಸಲು. ಬಿಇಒ ಸಹಿ ಹಾಕಿದ ಆ ಪ್ರಮಾಣಪತ್ರದ ಬೆಲೆ ನಮ್ಮಂಥವರಿಗೆ ಗೊತ್ತು. ಸರ್ಕಾರ ಪೂರ್ತಿ ದಿನ ನಡೆಸಿದ ಶಾಲೆ, ಸರ್ಕಾರದ ನಿಯಮದಿಂದ ಸಿಕ್ಕ ಸೀಟು ಇವೆರಡರ ಮೇಲೆ ನಿಂತು, ಸರ್ಕಾರ ಸಣ್ಣದಾಗಲಿ ಎಂಬ ವಾದವನ್ನು ಮೆಚ್ಚುವುದು ಹೇಗೆ ಎಂದು ಸ್ನೇಹಿತರು ಕೇಳುತ್ತಾರೆ. ಮೆಚ್ಚುವುದಕ್ಕೆ ಕಾರಣಗಳು ಅವರ ಕೊನೆಯ ಹದಿಮೂರು ವರ್ಷಗಳಲ್ಲಿವೆ.

1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಸಹಕಾರಿ ಜಂಟಿ ಬೇಸಾಯದ ನಿರ್ಣಯ ಮಾಡಿತು. ಸಣ್ಣ ಹಿಡುವಳಿಗಳನ್ನು ಒಟ್ಟುಗೂಡಿಸಿ ಎಲ್ಲರೂ ಸೇರಿ ಉಳುವುದು ಗುರಿ. ಥಾಮಸ್ ಮನ್ರೋ ಕಾಲದಿಂದ ರೈತವಾರಿ ಪದ್ಧತಿಯಲ್ಲಿ ತನ್ನ ಹೆಸರಿನ ಪಟ್ಟಾ ಇಟ್ಟುಕೊಂಡು, ತಾನೇ ಸರ್ಕಾರಕ್ಕೆ ಕಂದಾಯ ಕಟ್ಟುತ್ತಿದ್ದ ಬಳ್ಳಾರಿ ಸೀಮೆಯ ರೈತನಿಗೆ ಇದು ಹೇಗೆ ಕೇಳಿಸಿರಬಹುದು ಊಹಿಸಿ. ಅದೇ ಜೂನ್‌ನಲ್ಲಿ ಮದರಾಸಿನಲ್ಲಿ ಸ್ವತಂತ್ರ ಪಕ್ಷದ ಘೋಷಣೆಯಾಯಿತು. ಆಂಧ್ರದ ರೈತ ನಾಯಕ ಎನ್.ಜಿ. ರಂಗಾ ಅಧ್ಯಕ್ಷರು, ಮುಂಬೈನ ಮಿನೂ ಮಸಾನಿ, ಕೆ.ಎಂ. ಮುನ್ಷಿ ಜತೆಗಾರರು. ರಾಜಾಜಿಗೆ ಆಗ ಎಂಬತ್ತು ವರ್ಷ. ಆ ವಯಸ್ಸಿಗೆ ನಮ್ಮ ಊರುಗಳಲ್ಲಿ ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸಿ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೇಳುತ್ತೇವೆ. ಅವರು ಕಪ್ಪು ಕನ್ನಡಕ ಹಾಕಿಕೊಂಡು, ಕೋಲು ಹಿಡಿದು, ತಾವೇ ಬೆಳೆಸಿದ ಪಕ್ಷದ ವಿರುದ್ಧ, ನೆಹರೂ ಅವರ ಜನಪ್ರಿಯತೆ ಉತ್ತುಂಗದಲ್ಲಿದ್ದಾಗ ಊರೂರು ತಿರುಗಿದರು. ಸ್ವರಾಜ್ಯ ವಾರಪತ್ರಿಕೆಗೆ ವಾರವಾರ ಬರೆದರು.

ಅವರ ಮುಖ್ಯ ಗುರಿ ಲೈಸೆನ್ಸ್, ಪರ್ಮಿಟ್, ಕೋಟಾಗಳ ವ್ಯವಸ್ಥೆ. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿದ್ದ ಉದ್ಯಮಗಳಲ್ಲಿ ಹೊಸ ಕಾರ್ಖಾನೆ ತೆರೆಯಲು, ಇದ್ದದ್ದನ್ನು ದೊಡ್ಡದು ಮಾಡಲು, ಹೊಸ ಸರಕು ತಯಾರಿಸಲು ದೆಹಲಿಯ ಪರವಾನಗಿ ಬೇಕಿತ್ತು. ಪರವಾನಗಿ ಸಿಕ್ಕವನಿಗೆ ಪೈಪೋಟಿಯ ಭಯವಿಲ್ಲ. ಸಿಗದವನಿಗೆ ದಾರಿಯೇ ಇಲ್ಲ. ದೆಹಲಿಯಲ್ಲಿ ಗುರುತಿದ್ದ ದೊಡ್ಡ ಮನೆತನಗಳು ಹೇಗೋ ದಕ್ಕಿಸಿಕೊಂಡವು. ಕೊಟ್ಟೂರಿನಲ್ಲೋ ಹರಪನಹಳ್ಳಿಯಲ್ಲೋ ಏನಾದರೂ ಶುರುಮಾಡಬೇಕೆಂದವನು ಯಾರ ಬಾಗಿಲು ತಟ್ಟಬೇಕಿತ್ತು? ಅಧಿಕಾರಿಯ ಸಹಿಯಲ್ಲಿ ಹಣವಿದೆ ಎಂದಾದ ಮೇಲೆ ಆ ಹಣ ಚುನಾವಣೆಗೂ ಬರುತ್ತದೆ, ಆಳುವ ಪಕ್ಷವನ್ನು ಅಲುಗಾಡಿಸಲಾಗದಂತೆ ಮಾಡುತ್ತದೆ ಎಂದು ರಾಜಾಜಿ ಹೇಳುತ್ತಲೇ ಇದ್ದರು. ಬಡವರ ಹೆಸರಿನ ವ್ಯವಸ್ಥೆ ಉಳ್ಳವರಿಗೆ ಕೋಟೆಯಾದದ್ದನ್ನು ಅಷ್ಟು ಬೇಗ ಗುರುತಿಸಿದ್ದು ಅವರ ಹೆಚ್ಚುಗಾರಿಕೆ.

ಪಕ್ಷ ಮಾತ್ರ ಆ ಮಾತಿನಷ್ಟು ಚೊಕ್ಕವಾಗಿರಲಿಲ್ಲ. ಮಾಜಿ ರಾಜರು, ಜಮೀನ್ದಾರರು ಹಿಂಡಾಗಿ ಬಂದು ಸೇರಿದರು. 1962ರಲ್ಲಿ 18, 1967ರಲ್ಲಿ 44 ಲೋಕಸಭಾ ಸ್ಥಾನ ಗೆದ್ದಾಗ ಅದರಲ್ಲಿ ಅರಮನೆಗಳ ಪಾಲು ಸಣ್ಣದಲ್ಲ. ನಮ್ಮ ಪಕ್ಕದಲ್ಲಿ ಮಾತ್ರ ಬೇರೆ ಥರ. 1967ರಲ್ಲಿ ಚಿತ್ರದುರ್ಗದಿಂದ ಸ್ವತಂತ್ರ ಪಕ್ಷದ ಅಭ್ಯರ್ಥಿಯಾಗಿ ಗೆದ್ದವರು ಜಗಳೂರಿನ ಜೆ. ಮಹಮ್ಮದ್ ಇಮಾಂ. ಜಗಳೂರು ಎಂದರೆ ಕೊಟ್ಟೂರಿನಿಂದ ಕೂಗಳತೆ, ನಮ್ಮಷ್ಟೇ ಒಣ ನೆಲ. ಹತ್ತು ವರ್ಷ ಹಿಂದೆ ಅದೇ ಕ್ಷೇತ್ರದಿಂದ ಅವರು ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಗೆದ್ದಿದ್ದರು. ಸಮಾಜವಾದದಿಂದ ಸ್ವತಂತ್ರಕ್ಕೆ! ನಮ್ಮ ಸೀಮೆಯ ಮತದಾರರಿಗೆ ಸಿದ್ಧಾಂತದ ಹಲಗೆಗಿಂತ ಪರಿಚಯದ ಮನುಷ್ಯ ಮುಖ್ಯವಾಗಿದ್ದ ಎಂದು ಕಾಣುತ್ತದೆ.

ಭೂಮಿಯ ವಿಷಯದಲ್ಲೂ ನನಗೆ ತಕರಾರಿದೆ. ರೈತವಾರಿ ಜಮೀನನ್ನೂ ಸರ್ಕಾರ ಸುಲಭವಾಗಿ ಪಡೆಯಲು ದಾರಿಮಾಡಿದ 1964ರ ಹದಿನೇಳನೇ ತಿದ್ದುಪಡಿಯನ್ನು ರಾಜಾಜಿ ಮತ್ತು ಪಕ್ಷ ತೀವ್ರವಾಗಿ ವಿರೋಧಿಸಿದರು. ಹೊಲವಿದ್ದವನ ಕಡೆಯಿಂದ ನೋಡಿದರೆ ಸರಿ. ಹೊಲವೇ ಇಲ್ಲದವನಿಗೆ ಆ ಹೋರಾಟದಲ್ಲಿ ಏನಿತ್ತು? ರಾಜಾಜಿ ತೀರಿಕೊಂಡ ಮೇಲೆ, 1974ರಲ್ಲಿ, ದೇವರಾಜ ಅರಸು ಸರ್ಕಾರ ಉಳುವ ಗೇಣಿದಾರನಿಗೇ ಭೂಮಿ ಕೊಡಿಸಿತು. ಇವತ್ತು ಪಹಣಿಯಲ್ಲಿ ತಮ್ಮ ಹೆಸರು ನೋಡಿಕೊಳ್ಳುವ ಎಷ್ಟೋ ಕುಟುಂಬಗಳ ಆಸ್ತಿ ಹುಟ್ಟಿದ್ದೇ ಸರ್ಕಾರ ಮಧ್ಯೆ ಬಂದದ್ದರಿಂದ.

1962ರಲ್ಲಿ, 83ನೇ ವಯಸ್ಸಿನಲ್ಲಿ, ಅಣ್ವಸ್ತ್ರ ಪರೀಕ್ಷೆ ನಿಲ್ಲಿಸಿ ಎಂದು ಕೇಳಲು ವಾಷಿಂಗ್ಟನ್ನಿಗೆ ಹೋಗಿ ಕೆನಡಿಯನ್ನು ಕಂಡರು. 1967ರಲ್ಲಿ, ಒಮ್ಮೆ ತಮ್ಮ ವಿರುದ್ಧವೇ ಬೀದಿಗಿಳಿದಿದ್ದ ಡಿಎಂಕೆ ಜತೆ ಸೇರಿ ಮದರಾಸಿನಲ್ಲಿ ಕಾಂಗ್ರೆಸ್ಸನ್ನು ಸೋಲಿಸಿದರು. ಅಷ್ಟು ಹೊತ್ತಿಗೆ ಹಿಂದಿ ಹೇರಿಕೆಯ ವಿರೋಧಿಗಳ ಸಾಲಿನಲ್ಲಿ ಅವರೂ ಇದ್ದರು. 1971ರಲ್ಲಿ ಪಕ್ಷ 8 ಸ್ಥಾನಕ್ಕೆ ಕುಸಿಯಿತು, 1974ರಲ್ಲಿ ಇನ್ನೊಂದು ಪಕ್ಷದಲ್ಲಿ ಕರಗಿತು.

ಅವರ ವಾದ ಎಷ್ಟು ನಿಜ, ಎಷ್ಟು ಅಲ್ಲ ಎಂದು ಅಳೆಯಲು ನಮ್ಮವರು ದೂರ ಹೋಗಬೇಕಿಲ್ಲ. ಕಬ್ಬಿಣ, ಉಕ್ಕು 1956ರ ಕೈಗಾರಿಕಾ ನೀತಿಯಂತೆ ಸರ್ಕಾರಕ್ಕೆ ಮೀಸಲಾಗಿದ್ದ ಉದ್ಯಮ. 1970ರಲ್ಲಿ ಕೇಂದ್ರ ಸರ್ಕಾರ ದಕ್ಷಿಣಕ್ಕೆ ಮೂರು ಉಕ್ಕಿನ ಕಾರ್ಖಾನೆ ಘೋಷಿಸಿತು: ವಿಶಾಖಪಟ್ಟಣ, ರಾಜಾಜಿಯವರ ಸೇಲಂ, ನಮ್ಮ ಹೊಸಪೇಟೆ. 1971ರಲ್ಲಿ ಇಂದಿರಾ ಗಾಂಧಿ ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಆಮೇಲೆ ಇಪ್ಪತ್ತು ವರ್ಷ ಅಲ್ಲಿ ಉಕ್ಕು ತಯಾರಾಗಲಿಲ್ಲ. ಪಕ್ಕದಲ್ಲೇ ಸಂಡೂರಿನ ಅದಿರು, ತುಂಗಭದ್ರೆಯ ನೀರು, ಕೆಲಸಕ್ಕೆ ಕಾದು ಕೂತ ಹುಡುಗರು. ಬೇರೆಯವರು ಕಟ್ಟುವಂತಿಲ್ಲ, ಸರ್ಕಾರ ಕಟ್ಟಲಿಲ್ಲ. 1991ರ ಜುಲೈನಲ್ಲಿ ಹೆಚ್ಚಿನ ಉದ್ಯಮಗಳ ಲೈಸೆನ್ಸ್ ಹೋಯಿತು, ಉಕ್ಕು ಖಾಸಗಿಯವರಿಗೆ ತೆರೆಯಿತು. 1994ರಲ್ಲಿ ಅದೇ ತೋರಣಗಲ್ಲಿನಲ್ಲಿ ಜಿಂದಾಲ್ ಕಂಪನಿ ಶುರುವಾಯಿತು. ನಮ್ಮ ಭಾಗದ ಐಟಿಐ, ಡಿಪ್ಲೊಮಾ, ಬಿಇ ಮುಗಿಸಿದವರು ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ಮೊದಲು ಅರ್ಜಿ ಹಾಕುವ ಜಾಗಗಳಲ್ಲಿ ಅದೂ ಒಂದು.

ಹಾಗೆಂದು ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮುಂದಿನ ದಶಕದಲ್ಲಿ ಅದೇ ಸಂಡೂರು, ಹೊಸಪೇಟೆ ಸುತ್ತ ಸರ್ಕಾರ ಕಣ್ಣುಮುಚ್ಚಿ ಕೂತಾಗ ಗುಡ್ಡಗಳೇ ಲಾರಿ ಹತ್ತಿ ಹೋದವು. ಹೊಲ, ರಸ್ತೆ ಎಲ್ಲ ಕೆಂಪು ಧೂಳು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ, 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟ್ ಆದೇಶ ಬರುವವರೆಗೂ ಅದು ನಡೆಯಿತು. ಅಲ್ಲಿಯೂ ಲೂಟಿಗೆ ಬೇಕಾದದ್ದು ಪರ್ಮಿಟ್ಟೇ, ಕೊಟ್ಟದ್ದು ಅಧಿಕಾರಿಯ ಸಹಿಯೇ ಎಂದು ರಾಜಾಜಿಯ ಅಭಿಮಾನಿಗಳು ಹೇಳಬಹುದು. ಕಾಯಬೇಕಾದ ಸರ್ಕಾರ ಕಾಯಲಿಲ್ಲ ಎಂದು ನಾನು ಹೇಳುತ್ತೇನೆ. ಇಬ್ಬರೂ ನೋಡುತ್ತಿರುವುದು ಅದೇ ಧೂಳನ್ನು.

ರಾಜಾಜಿ ತೀರಿಕೊಂಡದ್ದು 1972ರ ಡಿಸೆಂಬರ್ 25ರಂದು, ಮದರಾಸಿನ ಆಸ್ಪತ್ರೆಯಲ್ಲಿ. 94 ತುಂಬಿ ಹದಿನೈದು ದಿನವಾಗಿತ್ತು. ತೋರಣಗಲ್ಲಿನ ಅಡಿಗಲ್ಲಿಗೆ ಆಗ ಒಂದು ವರ್ಷ ಕಳೆದಿತ್ತು.